ಎರಡು ತಟ್ಟಿದರೆ ಬಾ

ಇವತ್ತು ಐದೂವರೆಗೆ ಎದ್ದೆ. ನೀರು ಬರುವ ಹೊತ್ತಿಗೆ ಎರಡು ಡ್ರಮ್ಮು, ನಾಲ್ಕು ಬಕೆಟ್ ತುಂಬಿಸಿದೆ. ಹಾಲು ಕಾಯಿಸಿದೆ, ಉಕ್ಕಲಿಲ್ಲ. ನಿನ್ನೆ ನೆನೆಹಾಕಿದ್ದ ಮಡಕೆ ಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟೆ. ಇವರ ಬಿಳಿ ಅಂಗಿಗೆ ಮೇಲಿನ ಗುಂಡಿ ಹೊಲಿದೆ. ಒಂದು ಕಟ್ಟು ಮೆಂತ್ಯೆ ಸೋಸಿದೆ. ಗೀಸರ್ ಆರಿಸಿದ್ದೇನೆಯೇ ಎಂದು ಎರಡು ಸಲ ನೋಡಿದೆ. ಒಂಬತ್ತೂಕಾಲರ ಸ್ಲೋ ಲೋಕಲ್ ಹಿಡಿದು ಮಲಾಡಿನಿಂದ ಮಾಟುಂಗ ರೋಡಿಗೆ ಹೋದೆ, ರೈಲ್ವೆ ಸೇತುವೆ ದಾಟಿ ಆಚೆ ಇಳಿದೆ, ಅವರ ಹದಿಮೂರನೆಯ ದಿನದ ಊಟ ಮಾಡಿದೆ. ವಾಪಸು ಬರುವಾಗ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಅವರ ಹುಟ್ಟು, ದೋಣಿ ನಡೆಸುವ ಹುಟ್ಟು, ನನ್ನ ಕೈಯಲ್ಲಿತ್ತು.

ಅವರು ಎಂದರೆ ಪರೇಲಿನ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಎಕ್ಸ್-ರೇ ತೆಗೆದವರು. ನಿವೃತ್ತರಾದ ಮೇಲೆ ಚಳಿಗಾಲದ ಭಾನುವಾರಗಳಲ್ಲಿ ಮಾರ್ವೆಯ ದಂಡೆಯಿಂದ ನಾಲ್ಕು ಜನರನ್ನು ಕಯಾಕಿನಲ್ಲಿ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಿದ್ದವರು. ನಾನು ಆ ನಾಲ್ವರಲ್ಲಿ ಒಬ್ಬಳು. ಹೆಸರು ಬರೆಯುವುದಿಲ್ಲ. ದಿನವೂ ಏನು ಮಾಡಿದೆ, ಏನು ತಿಂದೆವು, ಯಾರು ಮೊದಲು ಮಲಗಿದರು ಎಂದು ನಾನು ಬರೆದಿಡುವ ನೋಟ್‌ಬುಕ್ಕನ್ನು ಒಮ್ಮೆ ತಿರುವಿ ನೋಡಿ, "ನನ್ನ ಹೆಸರು ಮಾತ್ರ ಇದರಲ್ಲಿ ಹಾಕ್ಬೇಡಿ ಮಾರಾಯ್ತಿ, ಬದನೆಕಾಯಿ ಪಕ್ಕದಲ್ಲಿ ಬೀಳ್ತದೆ" ಎಂದಿದ್ದರು.

ಅವರಿಗೆ ನಾನು ಒಂದು ಸುಳ್ಳು ಹೇಳಿದ್ದೆ. ಆ ಸುಳ್ಳಿನಿಂದಾಗಿಯೇ ಅವರು ಸಮುದ್ರ ಬಿಟ್ಟು ದಡದಲ್ಲಿ ಉಳಿದಿದ್ದಾರೆ ಎಂದು ಮೂರು ಚಳಿಗಾಲ ನಂಬಿದ್ದೆ. ನಿಜ ಹೇಳಿದರೆ ಮತ್ತೆ ಒಬ್ಬರೇ ಹೊರಟುಬಿಡುತ್ತಾರೆ, ಹೊರಟರೆ ತಿರುಗಿ ಬರುವುದಿಲ್ಲ ಎಂಬ ಹೆದರಿಕೆ ನನ್ನದು.

ಮೊದಲು ಅವರ ಧ್ವನಿಯನ್ನು ಕೇಳಿದ್ದು, ಮುಖ ನೋಡಿದ್ದು ಆಮೇಲೆ. ನನ್ನ ಬಲ ಭುಜ ಹಿಡಿದುಕೊಂಡು ಕೂದಲು ಬಾಚಿಕೊಳ್ಳಲಿಕ್ಕೂ ಆಗದ ವರ್ಷ ಅದು. ಪರೇಲಿನ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಹಲಗೆಗೆ ಎದೆ ಒತ್ತಿ ನಿಂತಿದ್ದೆ. ಬೆನ್ನ ಹಿಂದೆ ಗಾಜಿನ ಆಚೆಯಿಂದ ಯಾರೋ ಕನ್ನಡದಲ್ಲಿ, "ಉಸಿರು ತಗೊಳ್ಳಿ. ಹಿಡೀರಿ... ಬಿಡಿ" ಎಂದರು. ಮುಂಬಯಿಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಈ ಊರಿನಲ್ಲಿ ಯಾರೂ ನನಗೆ ಕನ್ನಡದಲ್ಲಿ ಉಸಿರಾಡಲು ಹೇಳಿರಲಿಲ್ಲ.

"ಧಾರವಾಡದವರಾ?" ಎಂದು ಹೊರಗೆ ಬಂದು ಕೇಳಿದರು. ಎತ್ತರದ, ಒಣಕಲು ಮನುಷ್ಯ, ಉದ್ದುದ್ದ ಬೆರಳು.

"ಹೌದ್ರಿ. ಹೆಂಗ ಗೊತ್ತಾತು?"

"ಎಲುಬಿನಲ್ಲಿ ಬರೆದುಂಟು," ಎಂದರು, ನಗದೆ. ಆಮೇಲೆ ಫಿಲ್ಮನ್ನು ಬೆಳಕಿಗೆ ಹಿಡಿದು, "ಈ ಭುಜಕ್ಕೆ ಗುಳಿಗೆ ಸಾಕಾಗುದಿಲ್ಲ. ಕೆಲಸ ಬೇಕು. ನಾನು ಬರುವ ತಿಂಗಳು ರಿಟೈರ್. ನವೆಂಬರಿನಿಂದ ಮಾರ್ವೆಗೆ ಬನ್ನಿ, ದೋಣಿ ನಡೆಸುವ" ಎಂದರು.

ಮನೆಗೆ ಬಂದು ಹೇಳಿದರೆ ಇವರು ಪೇಪರ್ ಕೆಳಗಿಳಿಸಿ ನೋಡಿದರು. "ಐವತ್ತನೇ ವಯಸ್ಸಿನ್ಯಾಗ ಅಂಬಿಗಿತ್ತಿ ಆಗ್ತಿ ಏನ? ನೀ ಮುಳುಗಿದ್ರ ನನಗ ಚಹಾ ಮಾಡಿ ಕೊಡಾಂವ ಯಾರು?"

"ಕಲ್ತುಕೋರಿ. ಆಮ್ಯಾಲೆ ನಾ ಧೈರ್ಯದಿಂದ ಮುಳುಗತೇನಿ."

ಹೀಗೆ ಶುರುವಾಯಿತು. ನಾವು ಒಟ್ಟು ಐದು ಜನ. ಅವರು, ಅವರ ಮಗಳು, ಬ್ಯಾಂಕಿನಲ್ಲಿ ಕೆಲಸ ಮಾಡುವ ಬೆಳಗಾವಿಯ ಗಂಡ-ಹೆಂಡತಿ, ನಾನು. ಕಯಾಕು ಒಬ್ಬರೇ ಕೂರುವ, ಅವರೆಕಾಯಿಯ ಹಾಗೆ ಉದ್ದನೆಯ, ಒಳಗೆ ಪೊಳ್ಳಾದ ದೋಣಿ. ಎರಡೂ ತುದಿಗೆ ಹಲಗೆಯಿರುವ ಹುಟ್ಟನ್ನು ಅಡ್ಡ ಹಿಡಿದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೀರನ್ನು ಎಳೆಯಬೇಕು. ಅವರು ಒಬ್ಬೊಬ್ಬರ ಜಾಕೆಟ್ಟಿನ ಪಟ್ಟಿಯನ್ನೂ ಮೂರು ಸಲ ಜಗ್ಗಿ ನೋಡುವರು. ನಂತರ ಹೆಗಲು ಹಿಡಿದು ನೇರ ಮಾಡಿ, ಗದ್ದವನ್ನು ಎರಡು ಬೆರಳಿನಿಂದ ಎತ್ತಿ, ಪೇಷಂಟನ್ನು ಯಂತ್ರದ ಮುಂದೆ ನಿಲ್ಲಿಸುವ ಹಾಗೆಯೇ ಕೂರಿಸಿ ದೋಣಿ ನೂಕುವರು. ಬೆರಳು ಯಾವಾಗಲೂ ತಣ್ಣಗಿರುತ್ತಿತ್ತು. "ಹಲ್ಲಿನ ಡಾಕ್ಟರ್ ಮುಟ್ಟಿದಂಗ ಆಗತದ್ರಿ ಸರ್" ಎಂದು ಬೆಳಗಾವಿಯವರು ಚೇಷ್ಟೆ ಮಾಡುತ್ತಿದ್ದರು. ನನ್ನ ದೋಣಿ ನೂಕುವ ಮುಂಚೆ ಪ್ರತಿ ವಾರವೂ ಒಂದೇ ಪ್ರಶ್ನೆ: "ನಿನ್ನೆ ಯಾರು ಮೊದಲು ಮಲಗಿದ್ದು?"

"ಇವರು, ಸರ್."

"ಪಾಪ. ಮೊದಲು ಮಲಗಿದವರಿಗೆ ಎಂತದೂ ಗೊತ್ತಾಗುದಿಲ್ಲ ನೋಡಿ."

ಡಿಸೆಂಬರಿನಲ್ಲಿ ಆರು ಗಂಟೆಗೆ ಮಾರ್ವೆಯಲ್ಲಿ ಕತ್ತಲೆಯೇ. ಮನೋರಿಗೆ ಹೋಗುವ ಫೆರಿ ಇನ್ನೂ ಕೆಮ್ಮುತ್ತಾ ಎದ್ದಿರುವುದಿಲ್ಲ. ದಂಡೆಯುದ್ದಕ್ಕೂ ಬಿದಿರ ಗಳಕ್ಕೆ ಜೋತುಹಾಕಿದ ಬೊಂಬಿಲ್ ಮೀನು ಒಣಗುತ್ತಾ ಬಾಯಿ ತೆರೆದುಕೊಂಡಿರುತ್ತವೆ. ಅಂಥ ಒಂದು ಬೆಳಿಗ್ಗೆ ನಾನು ಹುಟ್ಟನ್ನು ಅದ್ದಿದ ಕಡೆ ನೀರು ನೀಲಿಯಾಗಿ ಹೊತ್ತಿಕೊಂಡಿತು. ಗ್ಯಾಸಿನ ಉರಿಯ ಬಣ್ಣ. ತೆಗೆದರೆ ಆರಿತು, ಅದ್ದಿದರೆ ಹೊತ್ತಿತು. ನಾನು ಅಯ್ಯೋ ಎಂದೆ. ಅವರು ಕತ್ತಲೆಯಿಂದಲೇ, "ಹೆದರ್ಬೇಡಿ, ಸಣ್ಣ ಸಣ್ಣ ಜೀವ. ಮುಟ್ಟಿದ್ರೆ ಬೆಳಗ್ತದೆ" ಎಂದರು. ನಮ್ಮಿಂದ ಸ್ವಲ್ಪ ದೂರದಲ್ಲಿ ನೀರಿನ ಅಡಿಯಲ್ಲಿ ಒಂದು ಉದ್ದನೆಯ ನೀಲಿ ಗೆರೆ ತಾನಾಗಿ ಎದ್ದು, ನನ್ನ ದೋಣಿಯ ಕೆಳಗೆ ಹಾದು, ಆಚೆ ಹೋಗಿ ಆರಿತು. ಅಲ್ಲಿ ಯಾರೂ ಹುಟ್ಟು ಅದ್ದಿರಲಿಲ್ಲ.

"ಸರ್, ಅದೇನು?"

"ಯಾರೋ ಹೋದ್ರು," ಎಂದರು ಅವರು, ಬಿಲ್ಡಿಂಗಿನ ಮೆಟ್ಟಿಲಲ್ಲಿ ನೆರೆಮನೆಯವರು ಇಳಿದುಹೋದ ಹಾಗೆ.

ಚಳಿಗಾಲದಲ್ಲಿ ಡಾಲ್ಫಿನ್ನುಗಳು ಕ್ರೀಕಿನ ಬಾಯಿಯ ತನಕ ಬರುತ್ತವೆ. ಬೆನ್ನ ಮೇಲೆ ಡುಬ್ಬವಿರುವ, ಸಿಮೆಂಟಿನ ಬಣ್ಣದವು. ಚಿತ್ರಗಳಲ್ಲಿ ನೋಡಿದ ಹಾಗೆ ಅವು ಹಾರುವುದಿಲ್ಲ, ನಗುವುದೂ ಇಲ್ಲ. ಹಿಂದಿನಿಂದ ಬಂದು ಒಮ್ಮೆ ಉಸಿರು ಬಿಡುತ್ತವೆ, ಅಷ್ಟೆ. ಹೊಗೆಯೂ ಮಂಜೂ ಸೇರಿದ ಹೊಂಜಿನಲ್ಲಿ ಆ ಸದ್ದು ದಣಿದ ಮನುಷ್ಯ ಪಕ್ಕದಲ್ಲಿ ಕುಳಿತು ನಿಟ್ಟುಸಿರಿಟ್ಟಂತೆ ಇರುತ್ತದೆ. ಆಗ ಅವರು ಮೆಲ್ಲಗೆ, "ಉಸಿರು ತಗೊಳ್ಳಿ. ಹಿಡೀರಿ" ಎನ್ನುವರು. ಐದೂ ಜನ ಉಸಿರು ಹಿಡಿದು ಕೂರುತ್ತಿದ್ದೆವು. ಬಿಡಿ ಎಂದು ಅವರು ಹೇಳುವ ತನಕ ನೀರಿನಲ್ಲಿ ಉಸಿರಾಡುತ್ತಿದ್ದದ್ದು ಅವು ಮಾತ್ರ.

ಒಮ್ಮೆ ಎರಂಗಳ ದಂಡೆಯ ಮರಳಿನಲ್ಲಿ ಸತ್ತ ಆಮೆಯೊಂದು ಬಿದ್ದಿತ್ತು. ಬೆಳಗಾವಿಯವರ ಹೆಂಡತಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡರು. ಸರ್ ಅದರ ಪಕ್ಕ ಮಂಡಿಯೂರಿ ಕುಳಿತು, ಮುಂದಿನ ಈಜುರೆಕ್ಕೆಯನ್ನು ಎತ್ತಿ, ಪೇಷಂಟಿನ ಕೈಯನ್ನು ಪ್ಲೇಟಿನ ಮೇಲಿಡುವ ಹಾಗೆ ಮರಳಿನ ಮೇಲೆ ಅಗಲ ಮಾಡಿ ಇಟ್ಟರು. "ಇದರೊಳಗೆ ಎಂತ ಉಂಟು ಗೊತ್ತುಂಟಾ? ಐದು ಬೆರಳು. ನಮ್ಮದೇ ಹಾಗೆ, ಗಂಟು ಗಂಟು. ಡಾಲ್ಫಿನ್ನಿಗೂ ಅಷ್ಟೇ. ಮೇಲಿಂದ ಕೈಗವಸು ಹಾಕಿ ಹೊಲಿದ ಹಾಗೆ." ತಮ್ಮ ಉದ್ದನೆಯ ಬೆರಳುಗಳನ್ನು ಅದರ ಮೇಲೆ ಸರಿಯಾಗಿ ಹೊಂದಿಸಿ ಇಟ್ಟು ತೋರಿಸಿದರು. ಆಮೇಲೆ ನಾವೆಲ್ಲ ಸೇರಿ ಅದಕ್ಕೆ ಮರಳು ಮುಚ್ಚಿದೆವು. ಆ ರಾತ್ರಿ ಹಿಟ್ಟು ನಾದುವಾಗ ನನ್ನ ಕೈಯನ್ನೇ ನೋಡಿದೆ. ರೊಟ್ಟಿ ದಪ್ಪವಾದವು ಎಂದು ಬರೆದಿಟ್ಟಿದ್ದೇನೆ.

ಇನ್ನು ತಟ್ಟುವ ವಿಷಯ ಹೇಳಬೇಕು.

ಫಿಲ್ಮಿನ ಕಾಲದಲ್ಲಿ ಎಕ್ಸ್-ರೇ ವಿಭಾಗಕ್ಕೆ ಒಂದು ಡಾರ್ಕ್ ರೂಮ್ ಇರುತ್ತಿತ್ತು. ಒಳಗೆ ಫಿಲ್ಮ್ ತೊಳೆಯುವಾಗ ಯಾರಾದರೂ ಬಾಗಿಲು ತೆರೆದರೆ ಬೆಳಕು ನುಗ್ಗಿ ಹತ್ತು ಪೇಷಂಟುಗಳ ಎಲುಬು ಅಳಿಸಿಹೋಗುತ್ತದೆ. ಆದ್ದರಿಂದ ಹೊರಗಿನವನು ಬಾಗಿಲನ್ನು ಒಂದು ಸಲ ತಟ್ಟಬೇಕು. ಒಳಗಿನಿಂದ ಒಂದು ತಟ್ಟು ಬಂದರೆ 'ಇದ್ದೇನೆ, ತೆಗೆಯಬೇಡ'. ಎರಡು ಬಂದರೆ 'ಬಾ'. ಮೂವತ್ತು ವರ್ಷದ ಆ ಅಭ್ಯಾಸವನ್ನು ಅವರು ಸಮುದ್ರಕ್ಕೂ ತಂದಿದ್ದರು. ಚಳಿಗಾಲದ ಬೆಳಿಗ್ಗೆ ಹೊಂಜು ಇಳಿದಾಗ ಕೂಗಿದರೆ ದಿಕ್ಕು ತಿಳಿಯುವುದಿಲ್ಲ. ಕಯಾಕು ಪೊಳ್ಳು, ಹುಟ್ಟಿನ ಹಿಡಿಯಿಂದ ತಟ್ಟಿದರೆ ಬಾಗಿಲಿನಂತೆಯೇ ಕೇಳುತ್ತದೆ. ಅವರು ಒಮ್ಮೆ ತಟ್ಟುವರು. ನಾವು ಒಬ್ಬೊಬ್ಬರಾಗಿ ಒಂದೊಂದು ತಟ್ಟಿ 'ಇದ್ದೇನೆ' ಎನ್ನುವೆವು. ಕಷ್ಟದಲ್ಲಿದ್ದರೆ ಎರಡು. ಅವರು ಕಣ್ಣು ಮುಚ್ಚಿ ಎಣಿಸುವರು. ಎಣಿಸಿ ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯುತ್ತಿರಲಿಲ್ಲ. ಇನ್ನೂ ಒಬ್ಬರ ಸರದಿ ಬಾಕಿ ಇದೆ ಎನ್ನುವ ಹಾಗೆ ಕಿವಿಯನ್ನು ಪಡುವಣಕ್ಕೆ ತಿರುಗಿಸಿ ಕೂತಿರುತ್ತಿದ್ದರು. ಯಾಕೆಂದು ನಾವು ಕೇಳಲಿಲ್ಲ. ಮಗಳು ಮಾತ್ರ ಆಗ ತಲೆ ತಗ್ಗಿಸುತ್ತಿದ್ದಳು.

ಮೂರು ವರ್ಷದ ಹಿಂದಿನ ಜನವರಿಯ ಭಾನುವಾರ ಅದು. ಏಳೂವರೆಯಾದರೂ ಸೂರ್ಯ ತೊಳೆದ ತಟ್ಟೆಯ ಹಾಗೆ ಬಿಳಿಯಾಗಿ ತೂಗುತ್ತಿದ್ದ. ಮೀನುಗಾರರು ಬಲೆಗೆ ನೆಟ್ಟ ಗೂಟಗಳ ಹತ್ತಿರ ನಾವು ತಿರುಗಬೇಕಿತ್ತು. ನೀರಿನ ಮೇಲೆ ಕಡಲಕ್ಕಿಗಳ ಹಿಂಡೊಂದು ಸದ್ದಿಲ್ಲದೆ ತೇಲುತ್ತಿತ್ತು. ಎಷ್ಟಿವೆ ಎಂದು ಬರೆದಿಡೋಣವೆಂದು ಎಣಿಸುತ್ತಾ ಹಿಂದೆ ಉಳಿದೆ. ನಲವತ್ತೊಂದು ಎನ್ನುವಾಗ ಹಕ್ಕಿಗಳು ಕಾಣಲಿಲ್ಲ. ತಲೆಯೆತ್ತಿದರೆ ಗೂಟಗಳು ಕಾಣಲಿಲ್ಲ. ಉಳಿದವರು ಕಾಣಲಿಲ್ಲ. ನನ್ನ ದೋಣಿಯ ಮೂತಿಯೂ ಸರಿಯಾಗಿ ಕಾಣಲಿಲ್ಲ.

ಟಕ್ ಎಂದು ಅವರ ತಟ್ಟು ಕೇಳಿತು. ಆಮೇಲೆ ಒಂದು, ಎರಡು, ಮೂರು. ನಾಲ್ಕನೆಯದು ನನ್ನದಾಗಬೇಕು. ತಟ್ಟುವ ಬದಲು, ಇಷ್ಟು ಹತ್ತಿರ ಇದ್ದಾರಲ್ಲ, ಹೋಗಿಯೇ ಬಿಡುತ್ತೇನೆ ಎಂದು ಸದ್ದು ಬಂದ ಕಡೆಗೆ ಹುಟ್ಟು ಹಾಕಿದೆ. ಎರಡನೆಯ ಸಲ ತಟ್ಟಿದ್ದು ಇನ್ನೂ ಸಣ್ಣಗೆ ಕೇಳಿತು. ಇಳಿತದ ನೀರು ನನ್ನನ್ನು ಹೊರಗೆ ಒಯ್ಯುತ್ತಿತ್ತು.

ಆಗ ನನ್ನ ಬಲಗಡೆ ಯಾರೋ ನಿಟ್ಟುಸಿರಿಟ್ಟರು. ತಿರುಗಿದರೆ ಸಿಮೆಂಟು ಬಣ್ಣದ ಬೆನ್ನು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಎದ್ದು, ಎಣ್ಣೆಯಂತೆ ಜಾರಿ ಒಳಗೆ ಹೋಯಿತು. ನಾನು ಬೆಚ್ಚಿದೆ. ಹಿಡಿದ ಭುಜ ಚಳಕ್ಕೆಂದಿತು. ಹುಟ್ಟು ಕೈಬಿಟ್ಟು ನೀರಿಗೆ ಬಿತ್ತು. ಒಂದು ಮಾರು ದೂರ ತೇಲಿತು, ಎರಡು ಮಾರು, ಬಿಳುಪಿನಲ್ಲಿ ಹೋಯಿತು.

ಕೈಯಿಂದಲೇ ತಟ್ಟಬಹುದಿತ್ತು. ಎರಡು ತಟ್ಟಿದ್ದರೆ ಸಾಕಿತ್ತು. ತಟ್ಟಲಿಲ್ಲ. ಹುಟ್ಟಿನಿಂದಲೇ ತಟ್ಟಿ ಅಭ್ಯಾಸ, ಹುಟ್ಟು ಹೋದರೆ ಮಾತೇ ಹೋದ ಹಾಗೆ ಕೂತೆ. ಅದೂ ಅಲ್ಲದೆ, ಕೆಳಗೆ ಏನೋ ಇದೆ, ಅದನ್ನು ಎಬ್ಬಿಸಬಾರದು ಎಂದು ಎರಡೂ ಕೈಯಿಂದ ದೋಣಿಯ ಅಂಚನ್ನು ಹಿಡಿದು ಕಣ್ಣು ಮುಚ್ಚಿದೆ. ಮನೆಯಲ್ಲಿ ದೋಸೆ ಹಿಟ್ಟು ಹೊರಗಿಟ್ಟು ಬಂದಿದ್ದೇನೆ, ಹುಳಿಯಾಗುತ್ತದೆ, ಇವರಿಗೆ ಅದು ಹೊಳೆಯುವುದಿಲ್ಲ ಎಂದು ಯೋಚಿಸಿದ್ದು ನೆನಪಿದೆ.

ಟಕ್ ಟಕ್.

ನನ್ನ ದೋಣಿಯ ತಳಕ್ಕೆ, ಕೆಳಗಿನಿಂದ. ಸರಿಯಾಗಿ ಎರಡು. ಕೂತಲ್ಲಿ ಎಲುಬಿಗೆ ತಾಗಿತು.

ಎಷ್ಟು ಹೊತ್ತಾಯಿತೋ. ಬಿಳುಪು ಸ್ವಲ್ಪ ಕಪ್ಪಾಯಿತು, ಅದು ಅವರಾದರು. ಮಂಕಿ ಕ್ಯಾಪ್ ತೆಗೆದುಬಿಟ್ಟಿದ್ದರು, ನರೆಗೂದಲು ತಲೆಗೆ ಅಂಟಿತ್ತು. ನನ್ನ ಗದ್ದವನ್ನು ಎರಡು ಬೆರಳಿನಿಂದ ಎತ್ತಿ ನೋಡಿದರು.

"ಎರಡು ಕೇಳಿತು. ನೀವು ತಟ್ಟಿದ್ದಾ?"

ನಿಯಮ ಗೊತ್ತಿದ್ದೂ ಸುಮ್ಮನೆ ಕೂತಿದ್ದೆನೆಂದು ಹೇಳಲು ನಾಚಿಕೆಯಾಯಿತು. ಹಲ್ಲು ಕಟಕಟ ಎನ್ನುತ್ತಿತ್ತು. ಹೌದೆಂದು ತಲೆಯಾಡಿಸಿದೆ.

ಅವರು ಹಗ್ಗ ಕಟ್ಟಿ ನನ್ನನ್ನು ಎಳೆದುಕೊಂಡು ಬಂದರು. ನಾನು ದಾರಿಯುದ್ದಕ್ಕೂ ಕಣ್ಣು ತೆರೆಯಲಿಲ್ಲ. ದಂಡೆಯಲ್ಲಿ ಬೆಳಗಾವಿಯವರ ಹೆಂಡತಿ ತನ್ನ ಶಾಲು ಹೊದಿಸಿ, "ದೇವರು ದೊಡ್ಡಾಂವ ಅಕ್ಕಾ" ಎಂದು ಅಳುತ್ತಾ ಫ್ಲಾಸ್ಕಿನಿಂದ ಚಹಾ ಕುಡಿಸಿದರು. ಅವತ್ತಿನ ನೋಟ್‌ಬುಕ್ಕಿನಲ್ಲಿ ಹೀಗಿದೆ: 'ಕಡಲಕ್ಕಿ ನಲವತ್ತೊಂದು. ಹೊಂಜಿನಲ್ಲಿ ದಾರಿ ತಪ್ಪಿತು. ಜಾಕೆಟ್, ಹುಟ್ಟು, ಚಪ್ಪಲಿ ಎಲ್ಲ ವಾಪಸು ಕೊಟ್ಟೆ. ಹಿಟ್ಟು ಹುಳಿಯಾಗಿತ್ತು, ಹಾಗೇ ದೋಸೆ ಹಾಕಿದೆ. ಇವರು ಮೊದಲು ಮಲಗಿದರು.'

ಮಗಳು ನನ್ನನ್ನು ಆಟೋದ ತನಕ ಬಿಡಲು ಬಂದಳು. ಅವಳ ಕನ್ನಡ ತಡವರಿಸುತ್ತದೆ. "ಆಂಟಿ, ಪಪ್ಪ ನಿಮಗೆ ಹೇಳಿಲ್ಲ ನಾ? ಅವರ ಫ್ರೆಂಡ್ ಒಬ್ರು ಇದ್ರು. ಡಾರ್ಕ್ ರೂಮ್‌ವಾಲೆ ಚಾಚಾ."

ಚಾಚಾ ವಿಜಯಪುರದ ಕಡೆಯವನು. ಡಾರ್ಕ್ ರೂಮಿನಲ್ಲಿ ಫಿಲ್ಮ್ ತೊಳೆಯುತ್ತಿದ್ದವನು. ಬಾವಿಯಲ್ಲಿ ಈಜು ಕಲಿತವನು. ಮೊದಲ ಸಲ ಸಮುದ್ರ ನೋಡಿ, "ಇತ್ತಾ ಬಡಾ ಬಾವ್ಡಿ ಭಾಯ್, ದೀವಾರಿಚ್ ನಯ್!" ಎಂದು ನಕ್ಕಿದ್ದನಂತೆ. ಇಷ್ಟು ದೊಡ್ಡ ಬಾವಿ, ಗೋಡೆಯೇ ಇಲ್ಲ ಎಂದು. ಮೊದಲ ಎರಡು ಕಯಾಕುಗಳನ್ನು ಅವರಿಬ್ಬರೇ ಎಲ್ಲಿಂದಲೋ ಹಳೆಯವನ್ನು ತಂದು ತೇಪೆ ಹಾಕಿಕೊಂಡದ್ದು. ಆಗ ಜಾಕೆಟ್ಟು ಇರಲಿಲ್ಲ. ಅಂಥದೇ ಹೊಂಜಿನ ಒಂದು ಬೆಳಿಗ್ಗೆ ಇಬ್ಬರೂ ಬೇರೆಯಾದರು. ಅವಳ ಪಪ್ಪ ಒಮ್ಮೆ ತಟ್ಟಿದರು. ಪಡುವಣದಿಂದ ಒಂದು ತಟ್ಟು ಬಂತು.

"ಒಂದು ಅಂದ್ರೆ ಸೇಫ್, ರೈಟ್? ಪಪ್ಪ ವಾಪಸ್ ಬಂದು ಕಿನಾರೆ ಮೇಲೆ ವೇಟ್ ಮಾಡಿದ್ರು. ಚಾಯ್ ಭಿ ತರಿಸಿದ್ರು, ಎರಡು. ಬೋಟ್ ಬಂತು, ಎಮ್ಟಿ. ಚಾಚಾ ಸಿಗ್ಲೇ ಇಲ್ಲ. ಆಮೇಲೆ ಪಪ್ಪ ಒಂದೇ ಹೇಳ್ತಿದ್ರು, ಎರಡು ಇತ್ತೇನೋ, ಫೆರಿ ಆವಾಜಲ್ಲಿ ನಂಗೆ ಒಂದೇ ಕೇಳ್ಸಿತೇನೋ." ಅವಳು ನನ್ನ ಕೈ ಹಿಡಿದಳು. "ಅದಕ್ಕೇ ಪ್ರತಿ ವಿಂಟರ್ ಹೋಗೋದು ಆಂಟಿ. ಒಬ್ರೇ ಭಿ ಹೋಗ್ತಾರೆ, ಮಂಗಳವಾರ, ಬುಧವಾರ, ನಂಗೆ ಗೊತ್ತು. ಇವತ್ತು ಪಪ್ಪ ಸಹೀ ಕೇಳಿದ್ರು ನಾ? ನೀವು ಎರಡು ತಟ್ಟಿದ್ರಿ ನಾ?"

"ಹೌದವ್ವಾ," ಎಂದೆ. "ಎರಡ ತಟ್ಟಿದೆ. ಸರಿಯಾಗೇ ಕೇಳ್ಯಾರ."

ಮುಂದಿನ ವಾರ ಅವರು ಬರಲಿಲ್ಲ. ಫೆಬ್ರವರಿಗೆ ದೋಣಿಗಳನ್ನು ಮನೋರಿಯ ಮೀನುಗಾರರಿಗೆ ಕೊಟ್ಟುಬಿಟ್ಟರು. ತಮ್ಮ ಹುಟ್ಟೊಂದನ್ನು ಮಾತ್ರ ಉಳಿಸಿಕೊಂಡರು. ಮಗಳು ಫೋನ್ ಮಾಡಿ, "ಆಂಟಿ, ಥ್ಯಾಂಕ್ಯೂ, ನೀವು ಹೇಳಿದ್ದಕ್ಕೇ ಪಪ್ಪ ಶಾಂತ್ ಆದ್ರು" ಎಂದಳು. ಕಿವಿ ಸರಿಯಾಗಿದೆ ಎಂದು ಸಮಾಧಾನವಾಗಿ ಸಮುದ್ರ ಬಿಟ್ಟರು ಎಂದುಕೊಂಡೆ. ನಾನು ತಟ್ಟಲಿಲ್ಲವೆಂದು ತಿಳಿದರೆ, ಹಾಗಾದರೆ ತಟ್ಟಿದ್ದು ಯಾರು ಎಂದು ಹುಡುಕಿಕೊಂಡು ಮರುದಿನವೇ ನೀರಿಗೆ ಇಳಿಯುತ್ತಾರೆ. ಆಮೇಲೆ ಪರೇಲಿನ ಅವರ ಮನೆಗೆ ಹೋದಾಗಲೆಲ್ಲ, ಅವರು ಚಹಾದ ಲೋಟ ಕೆಳಗಿಟ್ಟು ಕೇಳುತ್ತಿದ್ದರು: "ಎರಡೇ ಅಲ್ವಾ, ನೀವು ತಟ್ಟಿದ್ದು?" ನಾನು ಸೀರೆಯ ಅಂಚು ನೋಡುತ್ತಾ, "ಎರಡ ಸರ್" ಎನ್ನುತ್ತಿದ್ದೆ. ಅವರು ತಲೆಯಾಡಿಸಿ, ನಿನ್ನೆ ಯಾರು ಮೊದಲು ಮಲಗಿದ್ದು ಎಂದು ಮಾತು ಬದಲಿಸುತ್ತಿದ್ದರು.

ಮೂರು ವರ್ಷ ಹೀಗೆ ನಡೆಯಿತು. ಮನೆಯಲ್ಲಿ ಕುಕ್ಕರಿನ ವೆಯಿಟ್ ಎರಡು ಸಲ ಅಲುಗಿದರೂ ಎದೆ ಹಾರುತ್ತಿತ್ತು. ಇವರಿಗೂ ಹೇಳಲಿಲ್ಲ. ನೋಟ್‌ಬುಕ್ಕಿಗೂ ಹೇಳಲಿಲ್ಲ.

ಕಳೆದ ತಿಂಗಳು ಹೋದಾಗ ಅವರು ಮಂಚದ ಮೇಲಿದ್ದರು. ಹೊಟ್ಟೆಯೊಳಗಿನ ಕಾಯಿಲೆ, ಎಬ್ಬಿಸಿ ಕೂರಿಸಲು ಒಬ್ಬರು ಬೇಕು. ಮಗಳು ಔಷಧಿಗೆ ಇಳಿದಿದ್ದಳು. ಉದ್ದನೆಯ ಬೆರಳುಗಳು ಇನ್ನೂ ಉದ್ದವಾಗಿದ್ದವು, ಹೊದಿಕೆಯ ಮೇಲೆ ಒಂದೊಂದು ಗಂಟೂ ಎಣಿಸುವಂತೆ ಕಾಣುತ್ತಿತ್ತು. ಇನ್ನು ಸಮುದ್ರಕ್ಕೆ ಹೋಗುವ ಕಾಲು ಅವಲ್ಲ ಎಂದು ನನಗೆ ಗೊತ್ತಾಯಿತು. ಹಾಗಾದರೆ ಸುಳ್ಳಿನ ಕೆಲಸ ಮುಗಿಯಿತೇ? ಈಗಲೂ ಹೇಳದಿದ್ದರೆ ಅವರ ಗೆಳೆಯನದ್ದಾಗಿರಬಹುದಾದ ಒಂದು ಸುದ್ದಿಯನ್ನು ನಾನು ನುಂಗಿಕೊಂಡ ಹಾಗೆ. ಹೇಳಿದರೆ ಕೊನೆಯ ದಿನಗಳ ನೆಮ್ಮದಿಯನ್ನು ಕಿತ್ತುಕೊಂಡ ಹಾಗೆ. ಬಾಯಿ ತೆರೆದೆ, ಮುಚ್ಚಿದೆ.

ಅವರು ನನ್ನನ್ನೇ ನೋಡುತ್ತಿದ್ದರು. "ಉಸಿರು ತಗೊಳ್ಳಿ," ಎಂದರು.

ತಗೊಂಡೆ.

"ಹಿಡೀರಿ." ಸ್ವಲ್ಪ ಬಿಟ್ಟು, "ಈಗ ಹೇಳಿ."

"ನಾ ತಟ್ಟಲಿಲ್ಲರೀ ಸರ್. ಒಂದೂ ತಟ್ಟಲಿಲ್ಲ. ನನ್ನ ಕೈಯಾಗ ಹುಟ್ಟ ಇರಲಿಲ್ಲ."

"ಗೊತ್ತುಂಟು," ಎಂದರು.

ನಾನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ.

"ನಿಮ್ಮ ಹುಟ್ಟು ನನಗೆ ಮೊದಲು ಸಿಕ್ಕಿತು ಮಾರಾಯ್ತಿ. ನೀರಿನಲ್ಲಿ, ಅದು ಒಂದೇ. ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಮುಗಿಯಿತು, ಇವರದ್ದೂ ಮುಗಿಯಿತು ಅಂತ ಕೂತಿದ್ದೆ. ಆಗ ಎರಡು ಕೇಳಿತು. ಹುಟ್ಟು ನನ್ನ ಮಡಿಲಲ್ಲಿ ಉಂಟು, ನೀವು ತಟ್ಟುದು ಎಲ್ಲಿಂದ?"

'ಜಾಕೆಟ್, ಹುಟ್ಟು, ಚಪ್ಪಲಿ ಎಲ್ಲ ವಾಪಸು ಕೊಟ್ಟೆ.' ನಾನೇ ಬರೆದದ್ದು. ನೀರಿಗೆ ಬಿದ್ದ ಹುಟ್ಟು ದಂಡೆಗೆ ಹೇಗೆ ಬಂತು ಎಂದು ಮೂರು ವರ್ಷ ನಾನು ಕೇಳಿಕೊಂಡಿರಲಿಲ್ಲ. ಒಗ್ಗರಣೆಗೆ ಎಷ್ಟು ಸಾಸಿವೆ ಹಾಕಿದೆ ಎಂದು ಬರೆದಿಡುವವಳು.

"ಮತ್ತ ನನ್ನ ಯಾಕ ಕೇಳತಿದ್ರಿ, ಪ್ರತಿ ಸಲ?"

"ನೀವು ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ರಿ. ಅದು ನೋಡ್ಲಿಕ್ಕೆ." ನಗಲು ಹೋಗಿ ಕೆಮ್ಮಿದರು. ಆಮೇಲೆ, "ನಿಮಗೂ ಕೇಳಿತಾ?" ಎಂದರು. ಈ ಸಲ ಧ್ವನಿ ಬೇರೆ.

"ಕೇಳಿತ್ರಿ. ದೋಣಿ ತಳಕ್ಕ. ಕೆಳಗಿಂದ."

ಅವರು ಕಣ್ಣು ಮುಚ್ಚಿದರು. ಎಣಿಸಿ ಮುಗಿದ ಮೇಲೆ ಕೂರುತ್ತಿದ್ದ ಹಾಗೆಯೇ, ಕಿವಿಯನ್ನು ಒಂದು ಕಡೆಗೆ ತಿರುಗಿಸಿ. "ಡಾಲ್ಫಿನ್ನೇ ಇರ್ಬಹುದು. ಐದು ಬೆರಳು ಉಂಟಲ್ಲ ಅದಕ್ಕೂ," ಎಂದರು. ಆಮೇಲೆ ಕಣ್ಣು ತೆರೆದರು. "ಎರಡು ತಟ್ಟಿದ್ರೆ ಬಾ ಅಂತ. ಆ ಸಲ ನಾನು ಹೋಗ್ಲಿಲ್ಲ. ಈ ಸಲ ಹೋದೆ. ಬಾಗಿಲು ತೆಗೆದ್ರೆ ಒಳಗೆ ನೀವು ಇದ್ರಿ. ಸಾಕಲ್ಲ? ಮತ್ತೆ ಮತ್ತೆ ಹೋಗಿ ಬಾಗಿಲು ಬಡಿಯುದು ಎಂತಕ್ಕೆ?"

ಮಗಳು ಔಷಧಿ ತಂದಳು. ನಾನು ಐದು ನಲವತ್ತರ ಲೋಕಲ್ ಹಿಡಿದೆ.

ಇವತ್ತು ಮಾಟುಂಗದ ಸಭಾಗೃಹದಲ್ಲಿ ಅವಳೇ ನಿಂತು ಬಡಿಸಿದಳು. ಎಲ್ಲರೂ ಕೈ ತೊಳೆದ ಮೇಲೆ ನನ್ನನ್ನು ಚಪ್ಪಲಿ ಬಿಡುವ ಜಾಗಕ್ಕೆ ಕರೆದೊಯ್ದು ಹುಟ್ಟನ್ನು ಕೊಟ್ಟಳು. ಪಪ್ಪ ಹೇಳಿದ್ದಾರೆ ಎಂದಳು. ಹಿಡಿಯ ನಡುವೆ ತಟ್ಟಿ ತಟ್ಟಿ ಒಂದು ಕಡೆ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿತ್ತು.

"ಆಂಟಿ, ಲಾಸ್ಟ್ ಡೇ ಬೆಳಿಗ್ಗೆ ಪಪ್ಪ ಮಂಚಕ್ಕೆ ತಟ್ಟಿದ್ರು. ಒಂದೇ ಸಲ. ಆಮೇಲೆ ಕೇಳ್ತಾ ಇದ್ರು, ಐಸೇ, ಕಿವಿ ಕೊಟ್ಟು. ಆಮೇಲೆ ಹಾಂ ಅಂತ ತಲೆ ಆಡಿಸಿದ್ರು. ಯಾರೋ ಆನ್ಸರ್ ಮಾಡಿದ ಹಂಗೆ."

"ನಿನಗೇನರೆ ಕೇಳಿಸ್ತೇನವ್ವಾ?"

"ನಹೀಂ ಆಂಟಿ. ನಂಗೆ ಏನೂ ಕೇಳಿಸ್ಲಿಲ್ಲ."

ಎರಡೇ ಬಂದಿರಬೇಕು ಎಂದುಕೊಂಡೆ. ಅವಳಿಗೆ ಹೇಳಲಿಲ್ಲ.

ಲೇಡೀಸ್ ಡಬ್ಬಿಯಲ್ಲಿ ಹುಟ್ಟನ್ನು ನಿಲ್ಲಿಸಿಕೊಂಡು ಬಾಗಿಲ ಪಕ್ಕ ನಿಂತೆ. "ಕ್ಯಾ ಹೈ ದೀದಿ, ಪರ್ದೇ ಕಾ ರಾಡ್?" ಎಂದು ಒಬ್ಬಳು ಕೇಳಿದಳು. ಹೌದು, ಪರದೆಯ ಕೋಲೇ ಎಂದೆ. ಅಂಧೇರಿಯಲ್ಲಿ ಜಾಗ ಸಿಕ್ಕಿತು.

ಇವರು ಬಾಗಿಲು ತೆರೆದು ಹುಟ್ಟನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನೆಲ್ಲಿ ಇಡತಿ? ಶೋಕೇಸಿನ್ಯಾಗ?" ಎಂದರು. ನನ್ನ ಮುಖ ನೋಡಿ ತಾವೇ ಇಸಿದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಒರಗಿಸಿಟ್ಟರು. ಚಹಾ ಮಾಡಿಕೊಟ್ಟರು, ಸಕ್ಕರೆ ಹೆಚ್ಚಾಗಿತ್ತು. ಕುಡಿಯುತ್ತಾ ಮೊದಲಿಂದ ಕೊನೆಯ ತನಕ ಎಲ್ಲ ಹೇಳಿದೆ. ಕೇಳಿ, ಖಾಲಿ ಲೋಟ ತೆಗೆದುಕೊಂಡು, "ಅವತ್ತಿನ ದ್ವಾಸಿ ಹುಳಿ ಆಗಿದ್ವು, ನಾ ಸುಮ್ಮನ ತಿಂದೆ" ಎಂದರು.

ರಾತ್ರಿಗೆ ಹಸಿವಿರಲಿಲ್ಲ. ಮೆಂತ್ಯೆ ಪಲ್ಯ ನಾಳೆಗೆ ಉಳಿಯಿತು. ಇವರು ಗೊರಕೆ ಹೊಡೆಯುವ ತನಕ ಕಾದು, ಎದ್ದು, ಅಡುಗೆಮನೆಯ ಬಾಗಿಲನ್ನು ಬೆರಳಗಂಟಿನಿಂದ ಒಮ್ಮೆ ತಟ್ಟಿದೆ. ಉಸಿರು ಹಿಡಿದು ನಿಂತೆ. ಟಕ್ ಎಂದಿತು. ಗೋಡೆಯೊಳಗಿನ ನೀರಿನ ಪೈಪು ತಣಿಯುವಾಗ ಹಾಗೆ ಸದ್ದು ಮಾಡುತ್ತದೆ. ಇನ್ನೂ ಸ್ವಲ್ಪ ಹೊತ್ತು ನಿಂತೆ. ಮತ್ತೊಂದು ಬರಲಿಲ್ಲ. ಒಂದೇ. 'ಇದ್ದೇನೆ, ತೆಗೆಯಬೇಡ'. ಉಸಿರು ಬಿಟ್ಟೆ.

ಮೊಸರನ್ನ, ಕರಿದ ಮೆಣಸಿನಕಾಯಿ. ಇವರು ಮೊದಲು ಮಲಗಿದರು.